ನಾದಿನಿಗೆ ಕೊಟ್ಟ ಕೆಂಪು ಗುಳಿಗೆ

ಮೂರು ವರ್ಷದ ಹಿಂದೆ ಗೋವಿನಜೋಳದ ರಾಶಿ ಮುಗಿದ ಮರುದಿನ ನನ್ನ ಬಲ ಮೊಣಕಾಲು ಬಾತುಕೊಂಡಿತು. ತಿಳವಳ್ಳಿಯಿಂದ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆ. ಡಾಕ್ಟರು ಮೊಣಕಾಲು ಒತ್ತಿ ನೋಡಿ ಒಂದು ಪಟ್ಟಿ ಕೆಂಪು ಗುಳಿಗೆ ಬರೆದುಕೊಟ್ಟರು.

"ಇದು ನೋವು ಕಡಿಮಿ ಮಾಡತೈತಿ, ಬಾವೂ ಇಳಸತೈತಿ. ಜ್ವರ ಇದ್ರ ಅದೂ ಇಳೀತೈತಿ. ಊಟಾ ಮಾಡಿ ನುಂಗ್ರಿ. ಐದು ದಿನಾ ಸಾಕು," ಎಂದರು.

ಅದರ ಹೆಸರು ಐಬುಪ್ರೊಫೇನ್. ಮೊಮ್ಮಕ್ಕಳು ನಿಮಗೆ ಸಲೀಸು, ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ನನ್ನ ನಾಲಿಗೆಗೆ ಅದು ಹೊರಳಲಿಲ್ಲ. ಹೀಗಾಗಿ ಕೆಂಪು ಗುಳಿಗೆ ಎಂದೇ ಕರೆದೆ. ಮೂರನೆಯ ದಿನಕ್ಕೆ ಬಾವು ಇಳಿಯಿತು. ಅದು ನನಗೆ ದೊಡ್ಡ ಪವಾಡವಾಗಿ ಕಂಡು, ಮುಂದೆ ಬೇಕಾದೀತೆಂದು ಇನ್ನೂ ಎರಡು ಪಟ್ಟಿ ತರಿಸಿ ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡೆ.

ಒಂದು ಚಮಚ ಹೆಪ್ಪು, ನಾಲ್ಕು ಎಲೆ ಕರಿಬೇವು, ಒಂದು ಲಿಂಬೆಹಣ್ಣು ಕೇಳಿಕೊಂಡು ಬಂದವರನ್ನು ನಮ್ಮ ಮನೆಯಿಂದ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಗುಳಿಗೆ ಕೇಳಿದವರಿಗೂ ನಾನು ಹೆಪ್ಪು ಕೊಟ್ಟ ಹಾಗೆಯೇ ಕೊಟ್ಟೆ. ಸೊಂಟ ಹಿಡಿದುಕೊಂಡು ಬಂದವರಿಗೊಂದು, ಹಲ್ಲು ಹಿಡಿದುಕೊಂಡು ಬಂದವರಿಗೊಂದು. ನಿಮ್ಮ ಅಜ್ಜನ ಅಕ್ಕ, ಅಂದರೆ ಹಿರೇಕೆರೂರಿನ ನನ್ನ ದೊಡ್ಡ ನಾದಿನಿ, ಒಂದೇ ಗುಳಿಗೆಗೆ ಒಪ್ಪಲಿಲ್ಲ. "ಎರಡೂ ಮೊಣಕಾಲು ನೋಯಾಕತ್ತಾವು, ಒಂದು ಗುಳಿಗಿ ಯಾ ಮೂಲಿಗೆ?" ಎಂದು ಇಡೀ ಪಟ್ಟಿಯನ್ನೇ ಸೆರಗಿಗೆ ಕಟ್ಟಿಕೊಂಡು ಹೋದರು. ಅವರ ಮುಂದೆ ನಾನು ಮದುವೆಯಾಗಿ ಬಂದಾಗಿನಿಂದ ಹೂಂ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ.

ಒಂದು ಸೋಮವಾರ ಪಕ್ಕದ ಮನೆಯಾಕೆ ಹೊಟ್ಟೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂತಳು.

"ಯವ್ವಾ, ನೀ ಕೊಟ್ಟ ಗುಳಿಗಿ ಹೊಟ್ಟ್ಯಾಗ ಒಲಿ ಹಚ್ಚೇತಿ!"

"ಊಟಾ ಮಾಡಿ ನುಂಗು ಅಂದಿದ್ದೆ ಹೌದಿಲ್ಲೋ?"

"ಇವತ್ತ ಉಪವಾಸ ಐತಿ, ಊಟಾ ಎಲ್ಲಿಂದ ಮಾಡ್ಲಿ? ಗುಳಿಗಿ ಉಪವಾಸಕ್ಕ ನಡೀತೈತಿ ಅಂತ ಚಾದಾಗ ನುಂಗೀನಿ."

ಅವಳಿಗೆ ಸಂಜೆಯ ಹೊತ್ತಿಗೆ ಉರಿ ಇಳಿಯಿತು, ನನಗೆ ಮಾತ್ರ ಅಂಜಿಕೆ ಹತ್ತಿಕೊಂಡಿತು. ಮರುದಿನ ಹಾನಗಲ್ಲಿನ ಔಷಧದ ಅಂಗಡಿಗೆ ಹೋದೆ. ಗಂಡಸರೆಲ್ಲ ಹೋದ ಮೇಲೆ ಕೇಳೋಣವೆಂದು ಬದಿಗೆ ನಿಂತೆ. ಒಬ್ಬ ಹೋದರೆ ಇಬ್ಬರು ಬರುತ್ತಿದ್ದರು. ಹಲ್ಲುಪುಡಿಯ ಡಬ್ಬಿಗಳನ್ನು ಎರಡು ಸಲ ಎಣಿಸಿದೆ.

"ಅವ್ವಾರ, ಅರ್ಧಾ ತಾಸಾತು ನಿಂತು. ಏನ್ ಬೇಕ್ರಿ?" ಎಂದ ಅಂಗಡಿಯವನು.

"ಏನೂ ಬ್ಯಾಡ್ರಿ. ಈ ಕೆಂಪು ಗುಳಿಗಿ ಯಾರು ನುಂಗಬಾರ್ದು ಅಂತ ಕೇಳೂದಿತ್ರಿ," ಎಂದು ಪಟ್ಟಿ ಮುಂದಿಟ್ಟೆ.

ಅವನು ಒಳ್ಳೆಯವನು, ನಗಲಿಲ್ಲ. ಬೆರಳು ಮಡಚುತ್ತಾ ಹೇಳಿದ. ಹೊಟ್ಟೆಯಲ್ಲಿ ಹುಣ್ಣಿದ್ದವರು ನುಂಗಬಾರದು. ದಮ್ಮು ಇದ್ದವರು ಡಾಕ್ಟರನ್ನು ಕೇಳದೆ ನುಂಗಬಾರದು. ಬಸುರಿಯರು, ಹೃದಯದ ತೊಂದರೆ ಇದ್ದವರು, ಕಿಡ್ನಿ ಸೋತವರು, ಬಿ.ಪಿ. ಗುಳಿಗೆ ನುಂಗುವವರೂ ಹಾಗೆಯೇ. ಬಿ.ಪಿ. ಎಂದ ಕೂಡಲೇ ಸೆರಗಿಗೆ ಕಟ್ಟಿಕೊಂಡು ಹೋದ ಪಟ್ಟಿ ನೆನಪಾಯಿತು. ನಾದಿನಿಗೆ ಬಿ.ಪಿ. ಇತ್ತು.

ಫೋನು ಮಾಡುವ ಧೈರ್ಯ ನನಗಾಗಲಿಲ್ಲ. ಮಾಡುವ ಜರೂರೂ ಬೀಳಲಿಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡಿಲ್ಲ ಎಂದಾದ ಮೇಲೆ ಅವರು ಅಡುಗೆಮನೆಯಿಂದ ಪಡಸಾಲೆಗೆ ಬಂದಷ್ಟು ಸಲೀಸಾಗಿ ಹಿರೇಕೆರೂರಿನಿಂದ ನಮ್ಮಲ್ಲಿಗೆ ಬರುತ್ತಿದ್ದರು. ಆ ವಾರವೂ ಬಂದರು. ಬಂದವರೇ ಕಾಲು ಚಾಚಿ ಕೂತರು. ಪಾದ ಎರಡೂ ಉಬ್ಬಿದ್ದವು. ಬೆರಳಿಂದ ಒತ್ತಿದರೆ ಹಿಟ್ಟಿನ ಮುದ್ದೆಯಲ್ಲಿ ಬೀಳುವಂತೆ ಕುಳಿ ಬೀಳುತ್ತಿತ್ತು.

"ನೋಡು, ಚಪ್ಪಲಿ ಹತ್ತವಲ್ವು. ದಿನಾ ಎರಡು ಕೆಂಪು ಗುಳಿಗಿ ನುಂಗಿದ್ರೂ ಬಾವು ಇಳೀವಲ್ದು. ನಾಳಿಂದ ಮೂರು ಮಾಡ್ತೇನಿ."

"ದಿನಾ ಎರಡು? ನಾ ಕೊಟ್ಟಿದ್ದು ಹತ್ತs ಇದ್ವಲ್ರಿ ಅಕ್ಕಾರ?"

"ಖಾಲಿ ಪಟ್ಟಿ ತೋರಿಸಿ ಮತ್ತ ತರಿಸೀನಿ. ಎರಡು ತಿಂಗಳಾತು."

"ಬಿ.ಪಿ. ಗುಳಿಗಿ?"

"ಅದೂ ನಡದೈತಿ, ಮೈಯಾಗಿನ ನೀರು ಹೋಗೂ ಗುಳಿಗೀನೂ ನಡದೈತಿ. ಎಲ್ಲಾ ಕೂಡಿಸಿ ಒಂದs ಗುಟುಕಿನ್ಯಾಗ ನುಂಗ್ತೇನಿ. ಸಲಸಲಕ್ಕ ಯಾರು ಏಳ್ತಾರ?"

ಅಂಗಡಿಯವನು ಹೇಳಿದ್ದನ್ನು ಮೆಲ್ಲಗೆ ಹೇಳಿ, ಬಿಟ್ಟುಬಿಡ್ರಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಯಾವಾಗ ಡಾಕ್ಟರಕಿ ಆದಿ? ಗುಳಿಗಿ ಕೊಡಾಕ ಜೀವ ಒಲ್ಲದಿದ್ರ ಹಂಗ ಹೇಳು."

ಸಾಯಂಕಾಲದೊಳಗೆ ಶಿಗ್ಗಾಂವಿಯ ಮಗಳಿಗೂ ಸವಣೂರಿನ ತಂಗಿಗೂ ಫೋನಿನಲ್ಲಿ ಸುದ್ದಿ ಮುಟ್ಟಿಸಿದರು. ತಮ್ಮನ ಹೆಂಡತಿ ಜಿಪುಣಿಯಾಗಿದ್ದಾಳೆ, ಒಂದು ಗುಳಿಗೆಗೂ ಗತಿಯಿಲ್ಲದಂತೆ ಮಾಡಿದ್ದಾಳೆ ಎಂದು. ನಾನು ಪಕ್ಕದಲ್ಲೇ ಕೂತು ಮೆಂತ್ಯ ಬಿಡಿಸುತ್ತಿದ್ದೆ. ಜಿಪುಣಿ ಎನ್ನಲಿ, ಆದರೆ ನಾನು ಕೊಟ್ಟ ಪಟ್ಟಿಯಿಂದ ಅವರ ಜೀವಕ್ಕೆ ಏನಾದರೂ ಆದರೆ ಯಾರ ಮುಖ ನೋಡಲಿ ಎಂಬ ಚಿಂತೆಯಲ್ಲಿ, ಬುಟ್ಟಿಗೆ ಕಡ್ಡಿ ಹಾಕಿ ಸೊಪ್ಪನ್ನು ಕಸಕ್ಕೆ ಚೆಲ್ಲಿದ್ದೆ.

ಡಾಕ್ಟರಲ್ಲಿಗೆ ಬರ್ರಿ ಎಂದರೆ ಅವರು ಬರುವವರಲ್ಲ. ಮರುದಿನ ಮುಂಜಾನೆ, "ಅಕ್ಕಾರ, ನನ್ನ ಮೊಣಕಾಲು ತೋರಿಸಬೇಕು. ನನಗ ಡಾಕ್ಟರ ಮುಂದ ಮಾತು ಹೊರಡೂದಿಲ್ಲ. ನೀವು ಸಂಗಾಟ ಬಂದ್ರ..." ಎಂದೆ. ತಕ್ಷಣ ಎದ್ದರು. ಚಪ್ಪಲಿ ಹತ್ತದೆ ನಿಮ್ಮ ಅಪ್ಪನ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ತುಂಬ ಎಲ್ಲರಿಗೂ "ಇಕಿಗೆ ಬಾಯಿ ಇಲ್ಲರಿ, ಅದಕ್ಕ ನಾ ಹೊಂಟೇನಿ" ಎಂದು ಹೇಳುತ್ತಲೇ ಬಂದರು.

ಡಾಕ್ಟರು ನನ್ನ ಮೊಣಕಾಲನ್ನು ನೋಡಲೇ ಇಲ್ಲ. ಅವರ ಕಣ್ಣು ನಾದಿನಿಯ ಪಾದದ ಮೇಲೆ ಬಿತ್ತು.

"ಇದೇನ್ರೀ ಅವ್ವಾರ, ಹಿಂಗ್ಯಾಕ ಬಾತೈತಿ? ಏನೇನ್ ಗುಳಿಗಿ ತಗೋತೀರಿ?"

ಆಗ ನೋಡಬೇಕಿತ್ತು ನೀವು. ಬಸ್ಸಿನಲ್ಲಿ ಗದ್ದಲವೆಬ್ಬಿಸಿದ ಹೆಣ್ಣುಮಗಳು ಮೂಲೆಯ ಬೆಕ್ಕಾಗಿದ್ದರು. "ಬರೇ ಬಿ.ಪಿ.ದು ರೀ," ಎಂದು ಸಣ್ಣ ದನಿಯಲ್ಲಿ ಹೇಳಿ, ನಾನು ಬಾಯಿ ಬಿಡದಂತೆ ಮೇಜಿನ ಕೆಳಗೆ ನನ್ನ ಕಾಲನ್ನು ಜೋರಾಗಿ ತುಳಿದರು. ಬಾತ ಪಾದದಿಂದ ತುಳಿದದ್ದಕ್ಕೆ ನನಗಿಂತ ಅವರಿಗೇ ಹೆಚ್ಚು ನೋವಾಗಿ "ಅಯ್ಯಯ್ಯಪ್ಪೋ!" ಎಂದು ಕೂಗಿದರು.

ನಾನು ನೆಲ ನೋಡುತ್ತಲೇ ಹೇಳಿದೆ. "ಸುಳ್ಳರಿ. ನೀವು ನನಗ ಬರಕೊಟ್ಟ ಕೆಂಪು ಗುಳಿಗಿ ದಿನಾ ಎರಡು, ಎರಡು ತಿಂಗಳಿಂದ. ನೀರು ಹೋಗೂ ಗುಳಿಗೀನೂ ಐತ್ರಿ. ಮೊದಲನೇ ಪಟ್ಟಿ ಕೊಟ್ಟಾಕಿ ನಾನs ರೀ. ಬೈಯೂದಿದ್ರ ನನಗ ಬೈರಿ." ಅಷ್ಟು ಉದ್ದದ ಮಾತನ್ನು ಹೊರಗಿನ ಗಂಡಸಿನ ಮುಂದೆ ಆಡಿದ್ದು ಅದೇ ಮೊದಲು.

ಡಾಕ್ಟರು ಬೈದರು, ಇಬ್ಬರಿಗೂ. ಬಿ.ಪಿ. ಗುಳಿಗೆ, ನೀರಿನ ಗುಳಿಗೆ, ಅದರ ಜೋಡಿ ಇದೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದಂತೆ. ಮೈಯಲ್ಲಿ ಉಪ್ಪೂ ನೀರೂ ನಿಂತು ಪಾದ ಬಾತುಕೊಳ್ಳುತ್ತದೆ, ಬಿ.ಪಿ.ಯೂ ಏರುತ್ತದೆ. ಮೊಣಕಾಲಿನ ಬಾವು ಇಳಿಸುವ ಗುಳಿಗೆಯೇ ಪಾದದ ಬಾವು ಏರಿಸಿತ್ತು, ಅದನ್ನು ಇಳಿಸಲೆಂದು ಅವರು ಮತ್ತೊಂದನ್ನು ನುಂಗಲು ಹೊರಟಿದ್ದರು. ಡಾಕ್ಟರು ರಕ್ತ ತೆಗೆಸಿ, ಕೆಂಪು ಗುಳಿಗೆ ಬಿಡಿಸಿ, ನೋವಿಗೆ ಬೇರೆ ಬರೆದುಕೊಟ್ಟರು. ರಕ್ತದ ವರದಿ ಬಂದ ಮೇಲೆ, ಕಿಡ್ನಿ ಸ್ವಲ್ಪ ದಣಿದಿದೆ, ಕೆಟ್ಟಿಲ್ಲ, ಸಮಯಕ್ಕೆ ಬಂದಿರಿ ಎಂದರು.

ವಾಪಸು ಬರುವಾಗ ನಾದಿನಿ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತರು. ಮರುದಿನವೇ ಹಿರೇಕೆರೂರಿಗೆ ಹೊರಟುಹೋದರು. ಹದಿನೈದು ದಿನ ಒಂದು ಮಾತಿಲ್ಲ. ಹದಿನಾರನೆಯ ದಿನ ಫೋನು ಬಂತು.

"ಪಾದ ಇಳದಾವು. ನನ್ನ ಚಪ್ಪಲಿ ನನಗ ಹತ್ತಾಕತ್ತಾವು," ಎಂದರು. ಆಮೇಲೆ, "ನಿನಗ ಬಾಯಿ ಬಂದೈತಲ್ಲಾ, ಅದನ್ನ ಇಳಸಾಕ ಏನರ ಗುಳಿಗಿ ಐತೇನು, ನಿನ್ನ ಡಾಕ್ಟರನ್ನ ಕೇಳು," ಎಂದು ಫೋನು ಇಟ್ಟರು.