ಊದಿದ ಕಣ್ಣಿನ ಅಟೆಂಡೆನ್ಸ್

ಸನತ್‌ನಗರದ ಕಂಪನಿಗೆ ಸೇರಿದ ದಿನ ನನ್ನ ಕಣ್ಣು ಊದಿಕೊಂಡಿತ್ತು. ಹೊಸ ಕೆಲಸದ ಹೆದರಿಕೆಗೆ ನಿದ್ದೆ ಬಂದಿರಲಿಲ್ಲ, ಮೇಲೆ ಪಿಜಿಯ ಆವಕಾಯಿ ಉಪ್ಪಿನಕಾಯಿಯ ಉಪ್ಪು ಬೇರೆ. ಮುಖ ಗುರುತಿಸಿ ಹಾಜರಿ ಹಾಕುವ ಗೇಟಿನ ಅಟೆಂಡೆನ್ಸ್ ಯಂತ್ರ ಆ ಮುಖವನ್ನೇ ಫೋಟೋ ಹಿಡಿದಿಟ್ಟುಕೊಂಡಿತು.

ಅಂದು ರಾತ್ರಿ ಉಪ್ಪಿನಕಾಯಿ ಮುಟ್ಟದೆ, ದಿಂಬು ಎತ್ತರಿಸಿ ಬೇಗ ಮಲಗಿದೆ. ಬೆಳಗ್ಗೆ ತಣ್ಣೀರಿನ ಬಟ್ಟೆಯನ್ನು ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡೆ. ಊತ ಇಳಿಯಿತು. ಖುಷಿಯಾಗಿ ಹೋದರೆ ಯಂತ್ರ ನನ್ನನ್ನು ಒಪ್ಪಲೇ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ತಡವಾದರೆ ಆಬ್ಸೆಂಟ್, ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ.

ಬೀದರ್ ಕಡೆಯ ಸೆಕ್ಯುರಿಟಿಯವರು ಯಂತ್ರದಲ್ಲಿದ್ದ ಫೋಟೋ ನೋಡಿದರು, ನನ್ನನ್ನು ನೋಡಿದರು. "ಇದು ನಿಮ್ಮ ಅಕ್ಕನ ಫೋಟೋ ಏನ್ರಿ ಮೇಡಂ?"

"ನಂದೇ. ನಿನ್ನೆ ಕಣ್ಣು ಊದಿತ್ತು," ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಹಂಗಾರ ನಿನ್ನಿ ಹಂಗ ಮಾರಿ ಮಾಡ್ರಿ. ಭಾಳ ಮಂದಿ ನಿಂತಾರ."

ಇಡೀ ಸಾಲಿನ ಮುಂದೆ ಕೆನ್ನೆ ಉಬ್ಬಿಸಿ, ಕಣ್ಣು ಕಿರಿದು ಮಾಡಿ ನಿಂತೆ. ಯಂತ್ರ ಟಿಂಗ್ ಎಂದಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ಈಗ ಕಣ್ಣು ಚೆನ್ನಾಗಿದೆ. ಫೋಟೋ ಬದಲಿಸಿಕೊಡಿ ಎಂದು ಕೇಳಲು ಮಾತ್ರ ಇನ್ನೂ ನಾಚಿಕೆ. ಹಾಗಾಗಿ ದಿನಾ ಬೆಳಗ್ಗೆ, ಎಲ್ಲರ ಮುಂದೆ, ಕೆನ್ನೆ ಉಬ್ಬಿಸುತ್ತೇನೆ.