ನಾನು ಕುಳಿತದ್ದರಿಂದ ಮುಳುಗಿದ ಊರು

ಕಲಬುರಗಿಯವರಾದ ನಮಗೆ ಒಂದು ಚಟವಿದೆ. ಊರಿನ ಕಷ್ಟವನ್ನು ಹೊರಗಿನವರ ಮುಂದೆ ಹೇಳುವಾಗ ಒಂದು ಹಿಡಿ ಜಾಸ್ತಿಯೇ ಹಾಕಿ ಹೇಳುತ್ತೇವೆ. ಬೇಸಿಗೆಯಲ್ಲಿ ಬೆಂಗಳೂರಿನ ನೆಂಟರು ಫೋನ್ ಮಾಡಿ ಅಲ್ಲಿ ಭಾರಿ ಸೆಕೆ ಎಂದರೆ ಸಾಕು, ನಮಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಅದೂ ಒಂದು ಬಿಸಿಲೇನ್ರೀ ಎಂದು ಶುರುಮಾಡಿ, ನಳದ ನೀರಿಗೆ ನೇರ ಚಹಾಪುಡಿ ಹಾಕುತ್ತೇವೆ ಎನ್ನುವವರೆಗೆ ಹೋಗುತ್ತೇವೆ. ಕೇಳಿದವರು ಹೌದೇ ಎಂದು ಬಾಯಿ ಬಿಟ್ಟರೆ ನಮ್ಮ ಹೊಟ್ಟೆ ತುಂಬುತ್ತದೆ. ಆಮೇಲೆ ಸಂಜೆ ಕಟ್ಟೆಯ ಮೇಲೆ ಕೂತು, ಇಷ್ಟು ದೊಡ್ಡ ಕೋಟೆ ಇದ್ದರೂ ನಮ್ಮೂರು ನೋಡಲು ಯಾರೂ ಬರುವುದಿಲ್ಲವಲ್ಲ ಎಂದು ಸರಕಾರವನ್ನು ಬಯ್ಯುತ್ತೇವೆ.

ಕರೋನಾ ಬಂದ ಹೊಸತರಲ್ಲಿ, ದೇಶದ ಮೊದಲ ಸಾವು ಇಲ್ಲಾಯಿತೆಂದು ಟಿ.ವಿ.ಯವರು ಬೆಳಗಿನಿಂದ ಸಂಜೆಯವರೆಗೆ ನಮ್ಮೂರಿನ ಹೆಸರನ್ನೇ ಹೇಳಿದರು. ಆಗ ಮಾತ್ರ ನಮ್ಮ ಬಾಯಿ ಬಂದ್ ಆಯಿತು. ಎಲ್ಲ ಮುಗಿದ ಮೇಲೂ ರೈಲಿನಲ್ಲಿ ಯಾವೂರು ಎಂದು ಯಾರಾದರೂ ಕೇಳಿದರೆ ನಾನು ಸೊಲ್ಲಾಪುರದ ಕಡೆ ಎನ್ನುತ್ತಿದ್ದೆ. ಕಲಬುರಗಿ ಎಂದರೆ ಎದುರಿನವರು ಮೂಗಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಆ ಕೆಟ್ಟ ಹೆಸರು ಇನ್ನೇನು ಮಾಸುತ್ತಿದೆ ಎನ್ನುವಾಗ ಊರಿಗೆ ಎರಡನೆಯ ಕೆಟ್ಟ ಹೆಸರು ತಂದವನು ನಾನು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಮಳೆಯ ಪ್ರಮಾಣವನ್ನು ಅಳೆದು ಬರೆಯಬೇಕು, ಬಾಯಿಗೆ ಬಂದಂತೆ ಹೇಳಬಾರದು ಎಂದು ಮಕ್ಕಳ ಕಿವಿ ಹಿಂಡಿದವನು. ನಮ್ಮ ಮನೆ ಜೇವರ್ಗಿ ಕಾಲೋನಿಯ ತಗ್ಗಿನ ಗಲ್ಲಿಯಲ್ಲಿದೆ. ನನ್ನ ಹೆಂಡತಿಯ ತಂಗಿಯ ಗಂಡ ಮಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಮಳೆಗಾಲ ಬಂತೆಂದರೆ ಆ ನನ್ನ ಷಡ್ಡಕ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಮಳೆಯ ವಿಡಿಯೋ ಹಾಕಿ, ನಿಮ್ಮ ಕಡೆ ಮೋಡವಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಏಳು ವರ್ಷ ಸಹಿಸಿಕೊಂಡಿದ್ದೆ.

ಆ ವರ್ಷ ಎರಡು ದಿನ ಬಿಡದೆ ಸುರಿದು ನಮ್ಮ ಗಲ್ಲಿಯಲ್ಲಿ ನೀರು ನಿಂತಿತು. ನಿಂತದ್ದು ಮೊಣಕಾಲಿನವರೆಗೆ. ಮೊಣಕಾಲಿನ ನೀರಿನಿಂದ ಮಂಗಳೂರನ್ನು ಸೋಲಿಸುವುದು ಸಾಧ್ಯವಿರಲಿಲ್ಲ. ಹೆಂಡತಿಯ ಕೈಗೆ ಮೊಬೈಲ್ ಕೊಟ್ಟು, ಲುಂಗಿ ಎತ್ತಿ ಕಟ್ಟಿ, ಗಲ್ಲಿಯ ನಡುವೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತೆ. ನೀರು ಕುತ್ತಿಗೆಗೆ ಬಂತು. ಎರಡೂ ಕೈ ಮೇಲೆತ್ತಿ, ಕಲಬುರಗಿ ಮುಳುಗಾಕತ್ತದ, ನೋಡ್ರಿ ಎಂದೆ. ಹೆಂಡತಿ ನಗು ತಡೆಯಲಾರದೆ ಕೈ ನಡುಗಿಸಿದ್ದರಿಂದ ಚಿತ್ರ ಅಲ್ಲಾಡಿ ಇನ್ನಷ್ಟು ಭಯಂಕರವಾಗಿ ಬಂತು. ಗುಂಪಿಗೆ ಕಳಿಸಿದೆ. ಷಡ್ಡಕ ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾದ. ಅಷ್ಟರಲ್ಲಿ ಕರೆಂಟು ಹೋಗಿ, ಮೊಬೈಲ್ ಸತ್ತು, ನಾನು ಗೆದ್ದ ಖುಷಿಯಲ್ಲಿ ಮಿರ್ಚಿ ಭಜಿ ತಿಂದು ಮಲಗಿದೆ.

ಮರುದಿನ ಸಂಜೆ ಕರೆಂಟು ಬಂದು ಟಿ.ವಿ. ಹಚ್ಚಿದರೆ ಅದರಲ್ಲಿ ನಾನೇ ಇದ್ದೆ. ವಿಡಿಯೋ ಗುಂಪಿನಿಂದ ಗುಂಪಿಗೆ ಹಾರಿ ಅಲ್ಲಿಗೆ ಮುಟ್ಟಿತ್ತು. ನನ್ನ ತಲೆಯ ಸುತ್ತ ಕೆಂಪು ವೃತ್ತ ಎಳೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಕಲಬುರಗಿ ಜಲಸಮಾಧಿ ಎಂದು ಬರೆದಿದ್ದರು. ನಿಜವಾಗಿ ನೀರು ನುಗ್ಗಿದ್ದು ಭೀಮಾ ದಂಡೆಯ ಊರುಗಳಿಗೆ. ಅಲ್ಲಿನವರ ಪಾತ್ರೆಪಗಡೆ ತೇಲುತ್ತಿದ್ದವು, ಅವರನ್ನು ಯಾರೂ ತೋರಿಸಲಿಲ್ಲ. ಆ ಕ್ಷಣ ನನಗೆ ನಾಚಿಕೆಯಾಯಿತು. ಆದರೆ ಸುಳ್ಳು ಹೇಳುವುದಿಲ್ಲ, ಕ್ರಾಪು ಚೆನ್ನಾಗಿ ಕಾಣುತ್ತಿದೆ ಎಂದೂ ಅನ್ನಿಸಿತು.

ಅಷ್ಟರಲ್ಲಿ ಕಮಲಾಪುರದಿಂದ ಅಕ್ಕನ ಫೋನ್ ಬಂತು. ನನಗಿಂತ ಆರು ವರ್ಷ ದೊಡ್ಡವಳು. ಊಟ ಆತೇನು ಎಂದು ಕೇಳಿದಳು. ಆತು ಎಂದೆ. ಫೋನ್ ಇಟ್ಟಳು. ಅವಳು ವಿಡಿಯೋ ನೋಡಿಲ್ಲ, ಬದುಕಿದೆ ಎಂದುಕೊಂಡೆ.

ಅಕ್ಕನದು ಬೀದರಿಗೆ ಹೋಗುವ ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡು. ಭಾವ ಹೊಲದಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಅಕ್ಕ ಗೊನೆಗಳನ್ನು ಶೆಡ್ಡಿನ ಮುಂದೆ ತೂಗುಹಾಕಿ ಮಾರುತ್ತಾಳೆ, ಹಿಂದುಗಡೆ ಜೋಳದ ರೊಟ್ಟಿಯ ಊಟ ಹಾಕುತ್ತಾಳೆ. ಕಲಬುರಗಿ ಕೋಟೆ ನೋಡಿ ಬೀದರ್ ಕೋಟೆಗೆ ಹೋಗುವ ಪ್ರವಾಸಿಗಳೇ ಅವಳ ಗಿರಾಕಿಗಳು. ಕರೋನಾದಲ್ಲಿ ಮುಚ್ಚಿದ ಶೆಡ್ಡನ್ನು ಆ ಮಳೆಯ ವರ್ಷವೇ ಮತ್ತೆ ತೆರೆದಿದ್ದಳು. ಮೈಸೂರಿನ ಒಬ್ಬ ಪ್ರವಾಸದ ಏಜೆಂಟ ನಿವೃತ್ತರ ಒಂದು ಬಸ್ಸು ತರುವುದಾಗಿ ಹೇಳಿದ್ದ. ಈ ಹಿರಿಯರಿಗೆ ಊಟ ಹಿಡಿಸಿದರೆ ತಿಂಗಳಿಗೊಂದು ಬಸ್ಸು, ಇಲ್ಲವಾದರೆ ಶೆಡ್ಡನ್ನು ಪಂಕ್ಚರ್ ತಿದ್ದುವವನಿಗೆ ಬಿಟ್ಟುಕೊಡುವುದು ಎಂದು ಅಕ್ಕ ಲೆಕ್ಕ ಹಾಕಿದ್ದಳು. ಆ ಬಸ್ಸಿಗೆಂದೇ ಎಂಟು ಗೊನೆ ಕಾಯ್ದಿಟ್ಟಿದ್ದಳು.

ನಾಲ್ಕು ದಿನ ಬಿಟ್ಟು ಅಕ್ಕ ಮತ್ತೆ ಫೋನ್ ಮಾಡಿದಳು. ಬಸ್ಸಿನವರು ಬರೋದಿಲ್ಲ ಅಂದಾರ, ನೀರಿಗೆ ಹೆದರ್ಯಾರ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಏಜೆಂಟನ ನಂಬರು ಕೊಡು, ಗೊನೆ ಕಡಿಸು, ಬಸ್ಸು ಬರುತ್ತದೆ ಎಂದು ಹೇಳಿಬಿಟ್ಟೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ಅಕ್ಕ ನಂಬಿದಳು.

ಊರಿನ ಮಾನ ತೊಳೆಯಲು ಮೊದಲು ಒಣಗಿದ ಗಲ್ಲಿಯ ವಿಡಿಯೋ ಮಾಡಿ ಹಾಕಿದೆ. ಇದು ಬೇಸಿಗೆಯ ಹಳೆಯ ವಿಡಿಯೋ, ಸತ್ಯ ಮುಚ್ಚಿಡುತ್ತಿದ್ದಾರೆ ಎಂದು ಜನ ಬರೆದರು. ಆಮೇಲೆ ಕೋಟೆಯೊಳಗೆ ನಿಂತು, ಆರು ಶತಮಾನ ಕಂಡ ಮಸೀದಿ ಹಾಗೇ ಇದೆ, ಉದ್ದನೆಯ ಫಿರಂಗಿ ಹಾಗೇ ಇದೆ, ನೀವು ಬನ್ನಿ ಎಂದೆ. ಅದನ್ನು ನನ್ನ ಹೆಂಡತಿಯೂ ಸೇರಿ ಹತ್ತೊಂಬತ್ತು ಜನ ನೋಡಿದರು. ಷಡ್ಡಕ ನೋಡಲೇ ಇಲ್ಲ.

ಕೊನೆಗೆ ಏಜೆಂಟನಿಗೆ ಫೋನ್ ಮಾಡಿದೆ. ಆತ ಬಹಳ ಮರ್ಯಾದಸ್ಥ. ಸಾರ್, ಒಬ್ಬ ಹಿರಿಯರು ಕುತ್ತಿಗೆವರೆಗೆ ಮುಳುಗಿದ್ದನ್ನ ನಾವೇ ಕಣ್ಣಾರೆ ನೋಡಿದ್ದೀವಿ, ಅವರ ಗತಿ ಏನಾಯ್ತೋ ಎಂದ. ನನಗೆ ಬೇರೆ ದಾರಿ ಉಳಿಯಲಿಲ್ಲ. ವಿಡಿಯೋ ಕಾಲ್ ಮಾಡಿ ಗಲ್ಲಿಯ ನಡುವೆ ನಿಂತು, ಅವನ ಕಣ್ಣೆದುರೇ ಕುಕ್ಕರಗಾಲಿನಲ್ಲಿ ಕುಳಿತು ಕೈ ಮೇಲೆತ್ತಿದೆ. ಆಮೇಲೆ ಎದ್ದು ನಿಂತು, ಮೊಣಕಾಲು ಮುಟ್ಟಿ ತೋರಿಸಿದೆ. ಆಚೆ ಬದಿ ಅವನು ಕೆಮ್ಮುವವರೆಗೆ ನಕ್ಕ. ಸಂಜೆ ತಿರುಗಿ ಫೋನ್ ಮಾಡಿ, ಎಲ್ಲರೂ ಬರಲು ಒಪ್ಪಿದ್ದಾರೆ, ಆದರೆ ಒಂದು ಷರತ್ತು, ಆ ಜಾಗವನ್ನೂ ಆ ಮನುಷ್ಯನನ್ನೂ ತೋರಿಸಬೇಕಂತೆ ಎಂದ.

ಪ್ರಳಯದ ನಂತರದ ಮೂರನೆಯ ಸೋಮವಾರ ಬಸ್ಸು ಬಂತು. ಕೋಟೆಯಲ್ಲಿ ನನಗೆ ಗೊತ್ತಿರುವ ಇತಿಹಾಸವನ್ನೆಲ್ಲ ಹೇಳಿದೆ. ಅವರು ಹೂಂ ಎನ್ನುತ್ತಲೇ ಗಡಿಯಾರ ನೋಡಿದರು. ನಮ್ಮ ಗಲ್ಲಿಗೆ ಬಂದಮೇಲೆ ಎಲ್ಲರಿಗೂ ಜೀವ ಬಂತು. ಒಬ್ಬೊಬ್ಬರೂ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಕೈ ಮೇಲೆತ್ತಿ ಫೋಟೋ ತೆಗೆಸಿಕೊಂಡರು. ನಾನು ಹದಿನಾಲ್ಕು ಸಲ ಕೂತು ಎದ್ದೆ. ಎರಡು ಸಲ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಮಧ್ಯಾಹ್ನ ಅವರ ಬಸ್ಸಿನಲ್ಲೇ ಕಮಲಾಪುರಕ್ಕೆ ಹೋದೆ. ಗಲ್ಲಿಯ ವಿಷಯ ಅಕ್ಕನ ಮುಂದೆ ಬೇಡ ಎಂದು ಏಜೆಂಟನಿಗೆ ದಾರಿಯುದ್ದಕ್ಕೂ ಹೇಳಿದ್ದೆ, ಉಳಿದವರಿಗೆ ಹೇಳಲು ಮರೆತಿದ್ದೆ. ಶೆಡ್ಡಿನ ಮುಂದೆ ಎಂಟು ಗೊನೆ ಹದವಾಗಿ ಹಣ್ಣಾಗಿ ತೂಗುತ್ತಿದ್ದವು. ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಬಿಸಿ ರೊಟ್ಟಿ. ಅತಿಥಿಗಳು ಕೇಳಿ ಕೇಳಿ ಬಡಿಸಿಕೊಂಡು ಉಂಡರು. ಏಜೆಂಟ ಬಾಳೆಹಣ್ಣು ಸುಲಿಯುತ್ತ, ಮುಂದಿನ ತಿಂಗಳು ಇನ್ನೊಂದು ಬಸ್ಸು ತರ್ತೀನಮ್ಮ ಎಂದ. ಅಕ್ಕನ ಮುಖ ಅರಳಿತು. ಅವರದೆಲ್ಲ ಮುಗಿದ ಮೇಲೆ ಅಕ್ಕ ನನಗೆ ತಾಟು ಹಚ್ಚಿದಳು.

ಆಗ ಮೈಸೂರಿನ ಅಜ್ಜಿಯೊಬ್ಬರು ಅಕ್ಕನ ಕೈಹಿಡಿದು, ನಿಮ್ಮ ತಮ್ಮ ಎಷ್ಟು ತಮಾಷೆಯ ಮನುಷ್ಯ, ಮೊಣಕಾಲು ನೀರಲ್ಲಿ ಕೂತು ಇಡೀ ರಾಜ್ಯವನ್ನೇ ಹೆದರಿಸಿಬಿಟ್ಟರಲ್ಲ ಎಂದು ನಕ್ಕರು. ಫೋಟೋವನ್ನೂ ತೋರಿಸಿದರು. ನಾನು ತುತ್ತು ಎತ್ತಿದ್ದೆ, ಬಾಯಿಗಿಡಲಿಲ್ಲ.

ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ನೀ ಕುಂತಿದ್ದೇನು?"

ತಲೆ ತಗ್ಗಿಸಿದೆ.

"ಅವತ್ತ ಚಹಾದಂಗಡ್ಯಾವ ನಿನ್ನ ವಿಡಿಯೋ ತೋರಿಸಿದ. ನಿಂದು ಫೋನ್ ಹತ್ತಲಿಲ್ಲ. ಹಳ್ಳ ರಸ್ತಾದ ಮ್ಯಾಲ ಬಂದಿತ್ತು, ಬಸ್ಸು ಬಂದ್ ಆಗಿದ್ದವು. ನಿನ್ನ ಕಡೆ ಬರಬೇಕಂತ ಮುಂಜಾನಿಂದ ಸಂಜೀ ತನಕ ದಂಡ್ಯಾಗ ನಿಂತಿದ್ದೆ, ತಮ್ಮಾ."

ಆಮೇಲೆ ಯಾಕೆ ಕೇಳಲಿಲ್ಲ ಎಂದೆ.

"ಸಾವಿನ ಬಾಯಾಗಿಂದ ಬಂದಾನ, ಅದನ್ನ ಯಾಕ ನೆನಪು ಮಾಡಿಸಲಿ ಅಂತ ಊಟ ಆತೇನು ಅಂದೆ ಅಷ್ಟೆ. ನೀ ಉಳದ್ಯಲ್ಲ ಅಂತ ಐದು ಸೋಮವಾರ ಒಪ್ಪತ್ತು ಹಿಡದೀನಿ."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ಪೂಜೆಯಾದ ಮೇಲೆ. ಅವತ್ತು ಸೋಮವಾರ. ಬೆಳಗಿನಿಂದ ಅಕ್ಕ ಅಷ್ಟು ಜನಕ್ಕೆ ರೊಟ್ಟಿ ಬಡಿದಿದ್ದು ಹಸಿದ ಹೊಟ್ಟೆಯಲ್ಲಿ. ಷಡ್ಡಕನನ್ನು ಗೆದ್ದದ್ದಕ್ಕೆ ಅಷ್ಟು ದಿನ ಒಳಗೊಳಗೇ ಬೀಗುತ್ತಿದ್ದ ನನಗೆ ಅಳು ಬಂತು. ಪರವೂರಿನವರ ಮುಂದೆ ಅಳಲೂ ಆಗದೆ ನೀರು ಕುಡಿದೆ.

ಅಕ್ಕ ಬಯ್ಯಲಿಲ್ಲ. ನನ್ನ ಮುಂದಿದ್ದ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎರಡು ನಾ ಮಾಡೀನಿ. ಇವತ್ತಿಂದ ಮೂರು ನಿನ್ನವು."

ರೊಟ್ಟಿ ಮುರಿದು ಎಣ್ಣೆಗಾಯಿಗೆ ಹಚ್ಚಿ, ಎಲ್ಲರೂ ನೋಡುತ್ತಿದ್ದಂತೆ ತುತ್ತು ಬಾಯಿಗಿಟ್ಟಳು. ನಾನು ರೊಟ್ಟಿಯ ಬುಟ್ಟಿ ತಂದು ಅವಳ ಪಕ್ಕ ಕೂರಲು ಹೋದೆ. ಅಕ್ಕ ತಲೆ ಎತ್ತದೆಯೇ ಹೇಳಿದಳು.

"ಕುಂದರಬ್ಯಾಡ. ನಿಂತು ಬಡಸು."