ಥೋರಾ ಗುಡಿಸದ ಮೂಲೆ

ಆಲ್ಬೋರ್ಗ್ ಊರಿನ ನಮ್ಮ ಬಾಡಿಗೆ ತೋಟಗಳ ಸಾಲಿನಲ್ಲಿ ಮೂಲೆ ಗುಡಿಸದವಳು ಥೋರಾ ಒಬ್ಬಳೇ. ಹಾಗೆಂದು ಅವಳು ಸೋಮಾರಿಯಲ್ಲ. ಅವಳ ಅಡುಗೆಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ತೋಟದ ಮೂಲೆಯಲ್ಲಿರುವ ಕೊಳೆತ ಎಲೆಗಳ ಗುಡ್ಡೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ, ಅದರೊಳಗೆ ನೆಲಜೀರುಂಡೆಯ ಮರಿಹುಳುಗಳಿವೆ. ಹೋಗಿಬರುವವರನ್ನೆಲ್ಲ ತಡೆದು, ಗುಡ್ಡೆಯ ಮೇಲೆ ಹಾಸಿದ ಹಲಗೆ ಎತ್ತಿ ತೋರಿಸುತ್ತಾಳೆ. ಕಪ್ಪು ಮರಿಯೊಂದು ತನಗಿಂತ ದಪ್ಪನೆಯ, ಚಿಪ್ಪಿಲ್ಲದ ಬಸವನಹುಳುವನ್ನು ಕಚ್ಚಿ ಹಿಡಿದು, ಬಾಯಿಂದ ರಸ ಸುರಿಸಿ, ಕರಗಿಸಿ ಹೀರುತ್ತಿರುತ್ತದೆ. “ನೋಡು, ತನ್ನ ಸಾರು ತಾನೇ ಮಾಡ್ಕೊಳ್ಳತ್ತೆ! ನಮ್ಮನೇಲಿ ನಲವತ್ತು ವರ್ಷದಲ್ಲಿ ಇದನ್ನ ಯಾರೂ ಕಲೀಲಿಲ್ಲ,” ಎನ್ನುತ್ತಾಳೆ, ಹೆತ್ತವಳಷ್ಟೇ ಹೆಮ್ಮೆಯಿಂದ. ಗಂಡ ಬೆಂಟ್ ಪಕ್ಕದಲ್ಲೇ ಕೂತು ಕಾಫಿಗೆ ಕಾಯುತ್ತಿರುತ್ತಾನೆ. ಈ ಜೂನ್‌ನಲ್ಲಿ ತಪಾಸಣೆಗೆ ಬಂದ, ಈ ತೋಟಗಳನ್ನು ಬಾಡಿಗೆಗೆ ಕೊಡುವ ಸಂಘದ ಅಧ್ಯಕ್ಷ ಪ್ರೆಬೆನ್, “ಭಾನುವಾರದೊಳಗೆ ಗುಡಿಸು, ಇಲ್ಲಾಂದ್ರೆ ತೋಟ ಬಿಡು,” ಎಂದು ಎಚ್ಚರಿಕೆಯ ಚೀಟಿ ಚಾಚಿದ. ಮನೆ, ಕಾರು, ದೋಣಿ ಎಲ್ಲವೂ ಬೆಂಟ್‌ನ ಹೆಸರಿನಲ್ಲಿವೆ. ಥೋರಾಳ ಹೆಸರಿನಲ್ಲಿರುವುದು ಈ ತುಂಡು ನೆಲವೊಂದೇ. “ಬಿಡ್ತೀನಿ. ಗುಡಿಸಲ್ಲ,” ಎಂದವಳು ಎಂದಿನಂತೆ ಹಲಗೆ ಎತ್ತಿದಳು. ಪ್ರೆಬೆನ್ ಮೊಣಕಾಲೂರಿ ಬಹಳ ಹೊತ್ತು ನೋಡಿದ. ಆಮೇಲೆ ಅವಳ ಲೆಟ್ಯೂಸ್ ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ತಿರುವಿದ, ಒಂದರಲ್ಲೂ ಬಸವನಹುಳು ತಿಂದ ತೂತಿರಲಿಲ್ಲ. ಹೆಂಡತಿ ದಿನಾ ಮೂಲೆಮೂಲೆ ಗುಡಿಸುವ ಅವನ ತೋಟದ ಲೆಟ್ಯೂಸು ಆಗಲೇ ಜರಡಿಯಾಗಿತ್ತು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ನಂಗೂ ನಾಲ್ಕು ಮರಿ ಕೊಡ್ತೀಯಾ?” ಎಂದು ಮೆಲ್ಲಗೆ ಕೇಳಿದ. ಥೋರಾ ಹಲಗೆ ಮುಚ್ಚಿದಳು. “ಕೊಡಲ್ಲ ಮಾರಾಯ. ನಿನ್ನ ಹೆಂಡ್ತಿ ಕೈಯಿಂದ ಆ ಪೊರಕೆ ಇಸ್ಕೋ, ತಾವಾಗೇ ಬರ್ತಾವೆ.”